ಗಾಡಿ ಹೂಡದ ದಿನಗಳು

ಹೋದ ತಿಂಗಳು ಮೊಣಕಾಲು ನೋವೆಂದು ಆಸ್ಪತ್ರೆಗೆ ಹೋಗಿದ್ದೆ. ಎಕ್ಸ್‌ರೇ ತೆಗೆದವನು ಪಕ್ಕದ ಕತ್ತಲೆ ಗೂಡಿನೊಳಗೆ ಹೋಗಿ, ತುಸು ಹೊತ್ತಿನ ಮೇಲೆ ನೀರು ತೊಟ್ಟಿಕ್ಕುವ ಫಿಲ್ಮನ್ನು ಹಿಡಿದುಕೊಂಡು ಹೊರಬಂದ. ಅವನ ಹಿಂದೆಯೇ ಒಂದು ವಾಸನೆ ಬಂತು. ಹುಳಿ ಎನ್ನೋಣವೆಂದರೆ ಹುಳಿಯಲ್ಲ, ಗಂಧಕ ಎನ್ನೋಣವೆಂದರೆ ಗಂಧಕವಲ್ಲ. ಬೆಂಚಿನ ಮೇಲೆ ಕೂತಿದ್ದವಳು ಕೂತ ಹಾಗೆಯೇ, ಅಯ್ಯೋ ಯಾರು ಹೋದರೋ ಎಂದುಕೊಂಡೆ...

ಮಧುಗಿರಿಯ ನಮ್ಮ ಬೀದಿಯಲ್ಲಿ ಆ ವಾಸನೆಗೆ ಅದೊಂದೇ ಅರ್ಥ. ಎದುರುಮನೆಯ ಕಿಟಕಿಯಿಂದ ಅದು ಬಂತೆಂದರೆ ಊರಲ್ಲಿ ಯಾರೋ ತೀರಿಕೊಂಡಿದ್ದಾರೆ, ಅವರ ಪಟವನ್ನು, ಅಂದರೆ ಫೋಟೋವನ್ನು, ಒಳಗೆ ಮದ್ದಿನ ನೀರಿನಲ್ಲಿ ತೊಳೆಯುತ್ತಿದ್ದಾರೆ ಎಂದು ತಿಳಿಯಬೇಕು. ತೊಳೆಯುತ್ತಿದ್ದವರು ಸಿರಾದಿಂದ ಬಂದು ನೆಲೆಸಿದವರು. ಊರೆಲ್ಲ ಅವರನ್ನು ಪಟದ ಸಾಬರು ಎನ್ನುತ್ತಿತ್ತು. ನಾನು ಮದುವೆಯಾಗಿ ಆ ಬೀದಿಗೆ ಬಂದಾಗಲೇ ಅವರ ಗಡ್ಡ ಅರ್ಧ ನೆರೆತಿತ್ತು.

ನಮ್ಮ ಲಿಂಗವಂತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಬಳಿದು, ಹೂವು ಮುಡಿಸಿ, ಆಮೇಲೆ ಸಾಬರಿಗೆ ಹೇಳಿ ಕಳಿಸುತ್ತಿದ್ದರು. ಬದುಕಿದ್ದಾಗ ಪಟ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂಬ ಹೆದರಿಕೆ. ಅಮಲ್ದಾರರ ಮನೆಯವರು, ವಕೀಲರ ಮನೆಯವರು ಕುರ್ಚಿ ಹಾಕಿಸಿಕೊಂಡು ಧೈರ್ಯವಾಗಿ ಕೂರುತ್ತಿದ್ದರಂತೆ. ನಮ್ಮಂಥವರಿಗೆ ಮೊದಲನೆಯ ಪಟವೂ ಕೊನೆಯ ಪಟವೂ ಒಂದೇ.

ಸಾಬರದೊಂದು ಪದ್ಧತಿಯಿತ್ತು. ಊರಲ್ಲಿ ಯಾರಾದರೂ ಜೋರಾಗಿ ಕಾಯಿಲೆ ಬಿದ್ದಿದ್ದರೆ ಅವರು ಊರು ಬಿಟ್ಟು ಕದಲುತ್ತಿರಲಿಲ್ಲ. ಹಾಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿದ್ದಲ್ಲ. ಸಿರಾದಲ್ಲಿ ತಂಗಿಯ ಮಗಳ ಮದುವೆ ನಡೆದರೂ ಇಲ್ಲಿಯೇ ಉಳಿದಿದ್ದರು. ಇಲ್ಲಿ ಮಂಡಿಯ ಯಜಮಾನರೊಬ್ಬರು ಮೇಲುಸಿರು ಬಿಡುತ್ತಿದ್ದರು. ಆ ಯಜಮಾನರು ಎದ್ದು ಕೂತು ಗಂಜಿ ಕುಡಿದು ಬಹಳ ವರ್ಷ ಬದುಕಿದರು. ಸಾಬರಿಗೆ ಮದುವೆಯ ಬಿರಿಯಾನಿ ತಪ್ಪಿದ್ದಷ್ಟೇ ಬಂತು. “ಸಾಬರು ಊರಲ್ಲಿಲ್ದಾಗ ಸಾಯೋದು ದಂಡ ಕಣ್ಲಾ” ಎಂದು ಕಟ್ಟೆಯ ಮೇಲೆ ಕೂತವರು ನಗುತ್ತಿದ್ದರು. ನಗುತ್ತಿದ್ದವರೂ ಜ್ವರ ಬಂದು ಮಲಗಿದರೆ, ಸಾಬರು ಊರಲ್ಲಿದ್ದಾರೋ ಇಲ್ಲವೋ ಎಂದು ಮೆಲ್ಲಗೆ ವಿಚಾರಿಸುವುದಿತ್ತು. ಇಲ್ಲ ಅಂದರೆ ಅವರಿಗೆ ನೆಮ್ಮದಿ.

ಇಂಥ ಸಾಬರಿಗೆ ಒಂದು ಹುಚ್ಚಿತ್ತು. ಕಾಡುಪ್ರಾಣಿಗಳ ಪಟ ತೆಗೆಯಬೇಕು. ಕಟ್ಟಿ ಹಾಕಿದ್ದಲ್ಲ, ಬೇಟೆಯಾಡಿ ಕೆಡವಿದ್ದಲ್ಲ, ತನ್ನ ಪಾಡಿಗೆ ಮೇಯುತ್ತಿರುವುದು. ಪುರವರದಾಚೆಯ ಬಯಲಿನಲ್ಲಿ ಆಗ ಕೃಷ್ಣಮೃಗಗಳು ಕುರಿಮಂದೆಯಂತೆ ಓಡಾಡುತ್ತಿದ್ದವು. ಅಲ್ಲಿಂದ ಬಡಗಲಿಗೆ, ಪಾವಗಡದ ಕಡೆಗೆ ಹೋದಂತೆಲ್ಲ ಊರುಗಳು ವಿರಳ. ಬಂಡೆ, ಕುರುಚಲು, ತೋಳ, ಕರಡಿ. ಹುಲ್ಲಿನ ಬಯಲಿನಲ್ಲಿ ಎರೆಭೂತ ಎಂಬ ಸೊಂಟದೆತ್ತರದ ಹಕ್ಕಿ. ಸಂಜೆ ಸಾಬರು ನಮ್ಮ ಜಗಲಿಗೆ ಬಂದು ಸೀಮೆಸುಣ್ಣದಲ್ಲಿ ಈ ದಾರಿಯನ್ನೆಲ್ಲ ಬರೆದು ತೋರಿಸುತ್ತಿದ್ದರು. ಎಲ್ಲಿ ನೀರು, ಎಲ್ಲಿ ತಂಗುವುದು, ಬೆಳಕು ಯಾವ ಕಡೆಯಿಂದ ಬೀಳುತ್ತದೆ... ಬೆಳಿಗ್ಗೆ ಜಗಲಿ ಸಾರಿಸುವಾಗ ನಮ್ಮತ್ತೆ, “ಇವತ್ತೂ ಸಾಬರ ಪಾವಗಡ ಒರೆಸಾಕ್ದೆ ಕಣಮ್ಮ” ಎನ್ನುತ್ತಿದ್ದರು. ವರ್ಷಗಟ್ಟಲೆ ಸಾಬರು ಹೀಗೇ ಬರೆದರು, ಅತ್ತೆ ಹೀಗೇ ಒರೆಸಿದರು. ಹೊರಡುವ ಹೊತ್ತಿಗೆ ಊರಲ್ಲಿ ಯಾರಾದರೊಬ್ಬರು ಮಲಗಿಬಿಡುತ್ತಿದ್ದರು.

ಆ ವರ್ಷ ಮಾತ್ರ ಹೋಗಿಯೇ ತೀರುವುದೆಂದು ನಿಶ್ಚಯವಾಯಿತು. ಎರಡನೆಯ ಮಹಾಯುದ್ಧ ನಡೆಯುತ್ತಿತ್ತು, ಪಟ ತೆಗೆಯುವ ಗಾಜಿನ ಪ್ಲೇಟುಗಳು ಬೆಂಗಳೂರಿನಲ್ಲೂ ಸಿಗುತ್ತಿರಲಿಲ್ಲ. ಇನ್ನೂ ಬಿಚ್ಚದ ಪೆಟ್ಟಿಗೆ ಒಂದೇ ಒಂದು ಅವರ ಬಳಿ ಉಳಿದಿತ್ತು. ಅದನ್ನು ಊರಿನ ಯಾರ ಸಾವಿಗೂ ಮುಟ್ಟದೆ ಪ್ರವಾಸಕ್ಕೆಂದೇ ಎತ್ತಿಟ್ಟಿದ್ದರು. ಎತ್ತಿನ ಗಾಡಿಯೊಂದನ್ನು ಕೊಂಡರು. ಮನುಷ್ಯರನ್ನು ಕಂಡರೆ ಮೈಲಿ ದೂರ ಓಡುವ ಜಿಂಕೆ ಎತ್ತಿನ ಗಾಡಿಗೆ ಹೆದರುವುದಿಲ್ಲವಂತೆ. ರೈತರ ಗಾಡಿ ನೋಡಿ ನೋಡಿ ಅದಕ್ಕೆ ರೂಢಿ. ಗಾಡಿಗೆ ಹುಲ್ಲು ಹೇರಿ, ಹುಲ್ಲಿನ ನಡುವೆ ಕ್ಯಾಮೆರಾ ಇಟ್ಟು, ಮೆಲ್ಲಗೆ ಸುತ್ತು ಹಾಕುತ್ತ ಹತ್ತಿರ ಹೋಗುವುದು ಉಪಾಯ. ಪಟ ತೆಗೆಯಲೆಂದು ಸಾಬರು ತಲೆಯ ಮೇಲಿಂದ ಕರಿ ಬಟ್ಟೆ ಹೊದ್ದುಕೊಂಡರೆ ಎತ್ತುಗಳೇ ಬೆದರುತ್ತಿದ್ದವು. ಅದಕ್ಕೆ ದಿನಾ ಬೀದಿಯಲ್ಲಿ ತಾಲೀಮು. ಜಿಂಕೆಯ ಪಾತ್ರ ನಾಲ್ಕು ವರ್ಷದ ನನ್ನ ಮಗಳದು. ಪಾವಗಡದ ಕಡೆ ತೆಲುಗು ಬೇಕಾಗುತ್ತದೆಂದು ಸಾಬರು “ಜಿಂಕಲು ಎಕ್ಕಡ?”, ಅಂದರೆ ಜಿಂಕೆಗಳು ಎಲ್ಲಿ, ಎಂದು ಕೇಳಲು ಕಲಿತಿದ್ದರು. ಅವರಿಗಿಂತ ಮೊದಲು ಅದನ್ನು ಇವಳು ಕಲಿತು, ಊಟಕ್ಕೆ ಕರೆದರೂ “ಜಿಂಕಲು ಎಕ್ಕಡ?” ಎನ್ನುತ್ತಿದ್ದಳು. ಒಂದು ಗಳಿಗೆ ನಿಂತಲ್ಲಿ ನಿಲ್ಲುವ ಜಿಂಕೆಯಲ್ಲ ಅದು.

ಶಿವರಾತ್ರಿಗೆ ಮೊದಲೇ ಹೊರಡಬೇಕಿತ್ತು. ಬಿಸಿಲೇರಿದರೆ ಬಯಲಿನಲ್ಲಿ ಬಿಸಿಲ್ಗುದುರೆ ಎದ್ದು ಪಟವೆಲ್ಲ ನಡುಗುತ್ತದೆ, ನೀರು ಬತ್ತಿ ಮಂದೆಗಳೂ ಚದುರಿ ಹೋಗುತ್ತವೆ. ಸೋಮವಾರ ಹೊರಡುವುದೆಂದಾಯಿತು. ಭಾನುವಾರ ನನ್ನ ಮಗಳಿಗೆ ಜ್ವರ ಬಂತು.

ಸೋಮವಾರ ಬೆಳಿಗ್ಗೆ ಎತ್ತಿನ ಗಂಟೆ ಕೇಳಿ ಬಾಗಿಲಿಗೆ ಬಂದೆ. ಗಾಡಿಗೆ ಹುಲ್ಲು ಹೇರಿಯಾಗಿತ್ತು, ಪೆಟ್ಟಿಗೆಗಳನ್ನು ಇಟ್ಟಾಗಿತ್ತು. ಸಾಬರು ನನ್ನನ್ನು ನೋಡಿ ಮಗುವಿನ ಸಮಾಚಾರ ಕೇಳಿದರು. ರಾತ್ರಿಯೆಲ್ಲ ಮೈ ಕೆಂಡವಾಗಿತ್ತು ಎಂದೆ. ಅವರು ನೊಗದಿಂದ ಎತ್ತು ಬಿಚ್ಚಿದರು. ನಾನು ಒಳಗೆ ಓಡಿ ಮಗುವನ್ನು ಎತ್ತಿಕೊಂಡೆ.

ವಿಷಮಶೀತ ಜ್ವರ ಎಂದರು ಡಾಕ್ಟರು. ಆಗ ಅದಕ್ಕೆ ಔಷಧಿಯೇ ಇರಲಿಲ್ಲ. ಮೂರು ವಾರ ದಾಟಿದರೆ ಉಳಿದಂತೆ, ಅಲ್ಲಿಯವರೆಗೆ ಗಂಜಿನೀರು, ಹಣೆಗೆ ಒದ್ದೆಬಟ್ಟೆ, ದೇವರ ಮೇಲೆ ಭಾರ. ನಮ್ಮ ಯಜಮಾನರು ಕೊರಟಗೆರೆಯ ಶಾಲೆಯಲ್ಲಿ ಮೇಷ್ಟ್ರು. ಶನಿವಾರ ಬಂದು ಸೋಮವಾರ ಹೋಗುವವರು. ಮನೆಯಲ್ಲಿ ನಾನು, ಅತ್ತೆ, ಜ್ವರದ ಕೂಸು. ಎದುರಿಗೆ ಆ ಗಾಡಿ.

ಆ ದಿನಗಳಲ್ಲಿ ನಾನು ಮಗುವಿನ ಹಣೆ ಮುಟ್ಟಿ ನೋಡಿದ್ದಕ್ಕಿಂತ ಹೆಚ್ಚು ಸಲ ಆ ಗಾಡಿಯನ್ನು ನೋಡಿದ್ದೇನೆ. ಡಾಕ್ಟರು ನಾಡಿ ಹಿಡಿದು ಪರವಾಗಿಲ್ಲ ಎಂದರೆ ನನಗೆ ನಂಬಿಕೆ ಬರುತ್ತಿರಲಿಲ್ಲ; ಎದ್ದು ಕಿಟಕಿಗೆ ಹೋಗುತ್ತಿದ್ದೆ. ಗಾಡಿ ನೊಗ ನೆಲಕ್ಕೆ ಊರಿಕೊಂಡು ಹಾಗೇ ನಿಂತಿರುತ್ತಿತ್ತು. ಇಷ್ಟು ಸಾವು ನೋಡಿದ ಕಣ್ಣು ಅವರದು, ಅವರಿಗೆ ಏನೋ ಗೊತ್ತಾಗಿದೆ ಎಂದೇ ನನ್ನ ಲೆಕ್ಕ. ನನ್ನದೊಂದೇ ಅಲ್ಲ, ಬೀದಿಯವರ ಲೆಕ್ಕವೂ ಅದೇ. ನೀರಿಗೆ ಹೋದರೆ ಹೆಂಗಸರು ನನಗೆ ದಾರಿ ಬಿಟ್ಟು ಬಾವಿಯಿಂದ ಸರಿದು ನಿಲ್ಲುತ್ತಿದ್ದರು. ಸಾಬರು ದಿನಾ ಬೆಳಿಗ್ಗೆ ಬೀದಿಯಿಂದಲೇ “ಮಗು ಹೆಂಗೈತಮ್ಮಾ?” ಎನ್ನುವರು. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಿದ್ದರು, ಆದರೂ ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಿವರಾತ್ರಿಯೂ ಬಂದು ಹೋಯಿತು. ಬಿಸಿಲು ಚುರುಗುಟ್ಟತೊಡಗಿತು. ಗಾಡಿ ಹೊರಡಲಿಲ್ಲ.

ಅತ್ತೆ ಹರಕೆ ಹೊತ್ತು, ಮಠದ ವಿಭೂತಿ ತರಲೆಂದು ಪಟ್ಟನಾಯಕನಹಳ್ಳಿಗೆ ಹೋಗಿದ್ದರು. ಅವರು ಇನ್ನೂ ಬಂದಿರಲಿಲ್ಲ. ಆ ಬೆಳಿಗ್ಗೆ ಮಗುವಿಗೆ ನನ್ನ ಗುರುತು ಸಿಗಲಿಲ್ಲ. ನನ್ನನ್ನು ನೋಡಿ ಯಾರನ್ನೋ ನೋಡಿದಂತೆ ಮುಖ ತಿರುಗಿಸಿದಳು. ಪಕ್ಕದ ಮನೆಯವಳನ್ನು ಅವಳ ಹತ್ತಿರ ಕೂರಿಸಿ ಬೀದಿ ದಾಟಿದೆ. ಸಾಬರು ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದರು.

“ಇನ್ನೂ ಯಾಕೆ ಹೊರಟಿಲ್ಲ ಸಾಬರೇ? ಯಾರಿಗೆ ಕಾಯ್ತಾ ಇದೀರ?” ಎಂದೆ.

ಅವರು ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು. “ನಿಮ್ಮತ್ರ ಸುಳ್ಳು ಯಾಕಮ್ಮಾ ಹೇಳ್ಲಿ. ಖುದಾ ಅಂಗ್ ಮಾಡ್ದೆ ಇರ್ಲಿ... ನಾನು ದೂರ ಇದ್ದಾಗ ಏನಾದ್ರೂ ಹೆಚ್ಚುಕಮ್ಮಿ ಆಗೋದ್ರೆ, ಮುಂದಕ್ಕೆ ಮುಖ ನೋಡ್ಕಳಾಕೆ ನಿಮ್ಗೆ ಏನೂ ಉಳ್ಯಾಕಿಲ್ಲ. ಬುಟ್ಟು ಹೋಗಾಕೆ ಕಾಲು ಬರ್ತಿಲ್ಲ.”

ಅವರಿಗೆ ಹಾಕಬೇಕೆಂದು ದಿನಗಟ್ಟಲೆ ಕೂಡಿಟ್ಟಿದ್ದ ಶಾಪ ಒಂದೂ ಬಾಯಿಗೆ ಬರಲಿಲ್ಲ. “ಹಂಗಾದ್ರೆ ಈಗ್ಲೇ ತೆಗೀರಿ. ಕಣ್ಣು ಬಿಟ್ಟಿರೋವಾಗ್ಲೇ ತೆಗ್ದು ಹೊರಟ್ಬುಡಿ” ಎಂದೆ. ಅದು ಧೈರ್ಯವಲ್ಲ. ಬದುಕಿರುವ ಮಗುವಿನ ಪಟ ತೆಗೆಸಿದರೆ ಕೆಡುಕಾಗುತ್ತದೆ ಎಂಬ ಭಯ ನನಗೂ ಇತ್ತು. ಆದರೆ ಆ ಗಾಡಿ ಊರು ಬಿಟ್ಟರೆ ಸಾವೂ ಅದರ ಜೊತೆಗೇ ಹೊರಟು ಹೋಗುತ್ತದೆ ಎಂದು ತಲೆಯಲ್ಲಿ ಕೂತುಬಿಟ್ಟಿತ್ತು. ಎರಡು ಭಯಗಳಲ್ಲಿ ದೊಡ್ಡದಕ್ಕೆ ಸೋತೆ, ಅಷ್ಟೇ.

ಸಾಬರು ಎತ್ತಿಟ್ಟಿದ್ದ ಆ ಪೆಟ್ಟಿಗೆಯನ್ನು ಬಿಚ್ಚಿ, ಕ್ಯಾಮೆರಾ ಹೊತ್ತು ನಮ್ಮ ಮನೆಗೆ ಬಂದರು. ನಾನು ಮಗುವನ್ನು ಗೋಡೆಗೆ ಒರಗಿಸಿ ಕೂರಿಸಹೋದರೆ ಗಾಬರಿಯಾಗಿ, “ಗೋಡೆಗೆ ಬ್ಯಾಡಮ್ಮಾ, ತೊಡೆ ಮ್ಯಾಲೆ ಕೂರಿಸ್ಕಳಿ” ಎಂದರು. ಅವರು ಕರಿ ಬಟ್ಟೆ ಹೊದ್ದು ಬಾಗಿದ್ದನ್ನು ಕಂಡು ಮಗುವಿಗೆ ಏನು ನೆನಪಾಯಿತೋ... ತಾಲೀಮಿನ ಆಟವೆಂದುಕೊಂಡಿತೋ ಏನೋ, ಜಿಂಕೆಯ ಹಾಗೆ ತಲೆ ಒದರಿತು. ಸಾಬರು ಬಟ್ಟೆಯಿಂದ ಮುಖ ಹೊರಗೆ ಹಾಕಿ, “ಅಲ್ಲಾಡ್ಬುಟ್ಳು ಕಣಮ್ಮಾ! ಅಲ್ಲಾಡ್ಬುಟ್ಳು!” ಎಂದು ಕೂಗಿದರು. ಪ್ಲೇಟು ಹಾಳಾಗಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ. ಇನ್ನೊಂದು ತೆಗೆಯಿರಿ ಎಂದರೆ ಒಪ್ಪಲಿಲ್ಲ. ಉಸಿರಾಡುವವರ ಪಟ ಹೀಗೆಯೇ ಇರುವುದು ಎಂದರು.

ನಾವಿಬ್ಬರೂ ಒಂದನ್ನು ಮರೆತಿದ್ದೆವು. ಅವರು ಪಟ ತೊಳೆಯಲು ಕೂತರು. ಕಿಟಕಿಯಿಂದ ವಾಸನೆ ಹೊರಟಿತು. ಜ್ವರದ ಕೂಸು ಇರುವ ಮನೆ, ಎದುರಿಗೆ ಆ ವಾಸನೆ. ಬೀದಿಯ ಹೆಂಗಸರೆಲ್ಲ ಸೆರಗನ್ನು ಬಾಯಿಗಿಟ್ಟುಕೊಂಡು ನಮ್ಮ ಮನೆಗೆ ನುಗ್ಗಿದರು. ಮಗು ಗಂಜಿ ಉಗುಳುತ್ತ ಅವರನ್ನೆಲ್ಲ ಮಿಕಿಮಿಕಿ ನೋಡಿತು. ಅದೇ ಹೊತ್ತಿಗೆ ಊರಿಂದ ಬಂದ ಅತ್ತೆಗೆ ಬೀದಿಯ ತಿರುವಿನಲ್ಲೇ ವಾಸನೆ ಬಡಿದು, ಅವರು ವಿಭೂತಿಯ ಗಂಟು ಎದೆಗೊತ್ತಿಕೊಂಡು ಮಣ್ಣಿನಲ್ಲೇ ಕೂತುಬಿಟ್ಟಿದ್ದರು. ನಿಜ ತಿಳಿದ ಮೇಲೆ ಎದ್ದು ಬಂದು ನನಗೂ ಸಾಬರಿಗೂ ಮಾಡಿದ ಮಂಗಳಾರತಿಯನ್ನು ಬರೆಯಲಾರೆ. “ಬದುಕಿರೋ ಕೂಸಿಗೆ ಪಟವಾ? ನಿಂಗೇನು ಬುದ್ಧಿ ನೆಟ್ಟಗೈತಾ?” ಎಂದು ಕೂಗಾಡಿ, ಕೊನೆಗೆ ಮೆಲ್ಲಗೆ, “ಎಲ್ಲಿ, ತೋರ್ಸು” ಎಂದರು. ಪಟದಲ್ಲಿ ಮುಖವಿರಲಿಲ್ಲ, ಬಿಳಿ ಹೊಗೆಯ ಹಾಗೆ ಏನೋ ಇತ್ತು.

ಮಾರನೆಯ ಬೆಳಿಗ್ಗೆ ಸಾಬರು ಹೊರಟರು. ಯುಗಾದಿಯಾದ ಮೇಲೆ ಬರುತ್ತೇನೆ, ಪಾವಗಡ ನೋಡದೆ ಬರುವುದಿಲ್ಲ ಎಂದರು. ಗಾಡಿ ಹೋದರೆ ನನಗೆ ನಿರಾಳವಾಗುತ್ತದೆ ಎಂದುಕೊಂಡಿದ್ದು ಸುಳ್ಳಾಯಿತು. ಅದು ನಿಂತಿದ್ದ ಜಾಗ ನೋಡಿದರೆ ಇನ್ನೂ ಹೆದರಿಕೆ. ಏನಾದರೂ ಆದರೆ ಈಗ ಅವರೂ ಇಲ್ಲವಲ್ಲ... ಅವರು ಊರಲ್ಲಿದ್ದರೆ ಒಂದು ಭಯ, ಇಲ್ಲದಿದ್ದರೆ ಇನ್ನೊಂದು. ಹೀಗೆ ನರಳುತ್ತಿರುವಾಗ ಒಂದು ಮುಂಜಾನೆ ಮಗುವಿನ ಮೈ ಬೆವರಿ ಹಾಸಿಗೆಯೆಲ್ಲ ಒದ್ದೆಯಾಯಿತು. ಹಣೆ ಮುಟ್ಟಿದರೆ ತಣ್ಣಗಿತ್ತು. ತಣ್ಣಗಿದ್ದದ್ದಕ್ಕೇ ಚೀರಿದೆ. ಅತ್ತೆ ಓಡಿಬಂದು ಮೂಗಿನ ಹತ್ತಿರ ಕೈ ಹಿಡಿದು, ನನ್ನ ಕೆನ್ನೆಗೊಂದು ತಟ್ಟಿ, “ಜ್ವರ ಬುಡ್ತು ಕಣೇ” ಎಂದು ತಾವೂ ಅತ್ತರು.

ಯುಗಾದಿಗೆ ಇನ್ನೂ ದಿನವಿತ್ತು. ಒಂದು ಮಧ್ಯಾಹ್ನ ಗಂಟೆಯ ಸದ್ದಾಗಿ ಕಿಟಕಿಯಿಂದ ನೋಡಿದರೆ ಸಾಬರ ಗಾಡಿ. ಅವರು ಗಾಡಿಯಿಂದ ಇಳಿದು ನಮ್ಮ ಮನೆಯ ಕಡೆ ನೋಡುತ್ತ ಬೀದಿಯಲ್ಲೇ ನಿಂತಿದ್ದರು. ಸಾವಿನ ಮನೆಗಳಿಗೆ ಅಳುಕಿಲ್ಲದೆ ಹೋಗಿ ಬಂದ ಮನುಷ್ಯ ನಮ್ಮ ಜಗಲಿ ಹತ್ತಲಾರದೆ ನಿಂತಿದ್ದರು. ಮಗಳು ನನ್ನ ಸೊಂಟದಿಂದ ಇಣುಕಿ, ಇನ್ನೂ ಬಲವಿಲ್ಲದ ದನಿಯಲ್ಲಿ, “ಜಿಂಕಲು ಎಕ್ಕಡ?” ಎಂದಳು. ಸಾಬರು ಎತ್ತಿನ ಕೊರಳು ಹಿಡಿದುಕೊಂಡು ಅತ್ತುಬಿಟ್ಟರು.

ಆಮೇಲೆ ಜಗಲಿಯ ಮೇಲೆ ಕೂತು ನೀರು ಕುಡಿದು ಹೇಳಿದರು. ಪುರವರದಾಚೆ ಉಪಾಯ ಫಲಿಸಿತಂತೆ. ಕರಿ ಬೆನ್ನಿನ, ಸುರುಳಿ ಕೊಂಬಿನ ದೊಡ್ಡ ಗಂಡುಜಿಂಕೆ ಗಾಡಿಗೆ ತೀರಾ ಸಮೀಪದಲ್ಲಿ ನಿಂತು ಇವರನ್ನೇ ನೋಡಿತಂತೆ. “ಅಲ್ಲಾಡ್ಲೇ ಇಲ್ಲಮ್ಮಾ. ಕಿವಿನೂ ಅಲ್ಲಾಡ್ಲಿಲ್ಲ. ನನ್ ಗಾಜಿನಾಗೆ ಅಲ್ಲಾಡ್ದಂಗೆ ಕೂರೋರು ಯಾರು ಅಂತ ನಿಮ್ಗೆ ಗೊತ್ತಲ್ಲ... ಎದೆ ಒಡ್ದೋಯ್ತು. ನಮ್ ಕೂಸಿಗೆ ಏನೋ ಆಗೋಯ್ತು ಅನ್ನುಸ್ತು. ಅಂಗೇ ಗಾಡಿ ತಿರುಗಿಸ್ಬುಟ್ಟೆ.” ಪಟ ತೆಗೆಯಲಿಲ್ಲವೇ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಬಡಗಲಿಗೆ ಇನ್ನೊಂದು ಹೆಜ್ಜೆಯೂ ಹೋಗದೆ ಬಂದಿದ್ದರು.

ಮುಂದಿನ ವರ್ಷ ಹೋದರಾಯಿತು ಎಂದರು. ಮುಂದಿನ ವರ್ಷ ಯಾರೋ ಮಲಗಿದ್ದರು. ಪೆಟ್ಟಿಗೆಯ ಪ್ಲೇಟುಗಳು ಒಂದೊಂದಾಗಿ ಊರಿನ ಸಾವುಗಳಿಗೇ ಖರ್ಚಾದವು. ಯುದ್ಧ ಮುಗಿದು ಪ್ಲೇಟು ಸಿಗುವ ಹೊತ್ತಿಗೆ ಅವರ ಕಣ್ಣಿಗೆ ಪೊರೆ ಬಂದಿತ್ತು. ಎತ್ತು ಮಾರಿದರು. ಕೊನೆಗೆ ತಂಗಿಯ ಮನೆಗೆಂದು ಸಿರಾಕ್ಕೆ ಹೋದರು, ಅಲ್ಲಿಯೇ ತೀರಿಕೊಂಡರು ಎಂದು ಸುದ್ದಿ ಬಂತು. ಪಾವಗಡ ನೋಡಲೇ ಇಲ್ಲ.

ಹೋದ ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಜೊತೆಗೆ ಮಗಳೂ ಇದ್ದಳು. ಅವಳ ತಲೆಯೂ ಈಗ ನೆರೆತಿದೆ. ಯಾಕಮ್ಮ ಬೆವರ್ತಿದೀಯ ಎಂದು ಕೇಳಿದಳು, ಇದನ್ನೆಲ್ಲ ಹೇಳಿದೆ. ಪೂರಾ ಕೇಳಿ ನನ್ನ ಕೈ ಸವರಿ, “ಅಯ್ಯೋ ಅಮ್ಮ, ಒಂದು ಜ್ವರಕ್ಕೆ ಇಷ್ಟೊಂದಾ?” ಎಂದು ನಕ್ಕಳು. ಅವಳಿಗೆ ಏನೂ ನೆನಪಿಲ್ಲ, ನೆನಪಿರಬೇಕಾಗಿಯೂ ಇಲ್ಲ. ಅತ್ತೆ ಇಲ್ಲ, ಯಜಮಾನರೂ ಇಲ್ಲ. ನನ್ನಷ್ಟೇ ಹೆದರಿಕೊಂಡು ಅರ್ಧ ದಾರಿಯಿಂದ ತಿರುಗಿ ಬಂದಿದ್ದ ಒಬ್ಬರಿದ್ದರು; ಅದು ಎಂಥ ಜ್ವರವಾಗಿತ್ತೆಂದು ಅವರಾದರೆ ಹೇಳುತ್ತಿದ್ದರು.

“ಹೂಂ ಕಣೆ, ಒಂದು ಜ್ವರ ಅಷ್ಟೆ” ಎಂದೆ.