ಏಳದ ಮುಳ್ಳು

ನಮ್ಮ ಸೋದರಮಾವನಿಗೆ ಗ್ಯಾರೇಜಿನಲ್ಲಿ ಛೀಮಾವ ಎಂದೇ ಹೆಸರು. ರೇಸ್ ಕಾರಿನ ಇಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಎತ್ತಿದ ಕೈ. ಹೇಸಿಕೊಳ್ಳುವುದರಲ್ಲಿ ಅದಕ್ಕಿಂತ ಒಂದು ಕೈ ಮೇಲು. ಎಣ್ಣೆ ಹತ್ತಿದ ಬಟ್ಟೆ ಕಂಡರೆ ಛೀ, ಇನ್ನೊಬ್ಬರು ಬಳಸಿದ ಸ್ಪ್ಯಾನರ್ ಕಂಡರೆ ಛೀ, ಟೀ ಲೋಟದ ಅಂಚಿನಲ್ಲಿ ಬೆರಳಚ್ಚು ಕಂಡರಂತೂ ಅವತ್ತು ಟೀಯೇ ಇಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿಯ ತವರಿನಲ್ಲೂ ಲೋಟ ತಿರುಗಿಸಿ ನೋಡಿದ್ದನಂತೆ. ನಮ್ಮತ್ತೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ.

ನನಗೆ ವೈರಿಂಗ್ ಕಲಿಸಿದವನೂ ಅವನೇ. ಆದರೆ ಇಂಜಿನ್ನಿನ ನೀರು ಎಷ್ಟು ಕಾದಿದೆಯೆಂದು ತಿಳಿಸುವ ಸೆನ್ಸರನ್ನು ಮಾತ್ರ ಯಾರ ಕೈಗೂ ಬಿಡುತ್ತಿರಲಿಲ್ಲ. ಅದು ಕೂರುವ ತೂತನ್ನು ಒರೆಸಿ, ತಾಮ್ರದ ಹೊಸ ವಾಷರ್ ಹಾಕಿ, ಬೆರಳಲ್ಲೇ ಕೊನೆತನಕ ತಿರುಗಿಸಿ, ಆಮೇಲೆ ಸ್ಪ್ಯಾನರಿನಿಂದ ಒಂದಿಷ್ಟು ಬಿಗಿ ಮಾಡುತ್ತಿದ್ದ. ನೀರು ಒಸರದಿರಲೆಂದು ಯಾರಾದರೂ ಬಿಳಿ ಟೇಪ್ ಸುತ್ತಲು ಹೋದರೆ ಅವರ ಗ್ರಹಚಾರ ಬಿಡಿಸುತ್ತಿದ್ದ.

"ಛೀ, ಅದು ಬಚ್ಚಲ ನಲ್ಲಿಗೆ ಸುತ್ತೋದು. ಇದಕ್ಕಿರೋದು ಒಂದೇ ವೈರು. ಕರೆಂಟು ವಾಪಸ್ ಹೋಗೋದು ಈ ತಿರುಪಿನ ಥ್ರೆಡ್ಡಿಂದ, ಇಂಜಿನ್ ಮೈಗೆ. ಟೇಪು ಅಡ್ಡ ಬಂದ್ರೆ ಒಳಗೆ ಕುದೀತಿದ್ರೂ ಮೀಟರ್ ಮುಳ್ಳು ತಣ್ಣಗೆ ಮಲಗಿರುತ್ತೆ."

ಆ ಮುಳ್ಳನ್ನು ನೋಡಿಕೊಂಡು ಕಾರು ಓಡಿಸುತ್ತಿದ್ದವನು ನನ್ನ ತಮ್ಮ. ಇಂಜಿನ್ ಹಿಂದೆ, ರೇಡಿಯೇಟರ್ ಮುಂದೆ. ನಡುವಿನ ನೀರಿನ ಪೈಪು ಅವನ ತೊಡೆಯ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಆ ವರ್ಷ ಇಂಜಿನ್ ಸುಮ್ಮಸುಮ್ಮನೆ ಕಾಯತೊಡಗಿತ್ತು. ಬಿಚ್ಚಿ ನೋಡೋಣವೆಂದರೆ ತಂಡದ ಯಜಮಾನ ಕೇಳಲಿಲ್ಲ. ಅಭ್ಯಾಸದ ಓಟದಲ್ಲಿ ಮುಳ್ಳು ಏರಿದ್ದು ನೋಡಿ ತಮ್ಮ ಅರ್ಧಕ್ಕೇ ವಾಪಸ್ ಬಂದಾಗ, ಯಜಮಾನ ಎಲ್ಲರೆದುರು ಪುಕ್ಕಲ ಎಂದು ಉಗಿದ. ಇನ್ನೊಮ್ಮೆ ಹೀಗಾದರೆ ಸೀಟಿನಲ್ಲಿ ಬೇರೆಯವರಿರುತ್ತಾರೆ ಎಂದ. ಮಾವ ಪಕ್ಕದಲ್ಲೇ ನಿಂತು ಉಗುರು ಉಜ್ಜಿಕೊಳ್ಳುತ್ತಿದ್ದ.

ರೇಸಿನ ದಿನ ಬೆಳಿಗ್ಗೆ ಇಂಜಿನ್ ಕಾಯಿಸಲು ಚಾಲೂ ಮಾಡಿದೆ. ಸ್ವಲ್ಪ ಹೊತ್ತಿಗೆ ಅದರ ಹತ್ತಿರ ಕೈ ಹಿಡಿಯಲಾಗದಷ್ಟು ಧಗೆ. ಮುಳ್ಳು ಮಾತ್ರ ಮಿಸುಕಾಡಲಿಲ್ಲ. ಸೆನ್ಸರಿನ ವೈರು ಕಳಚಿ ಇಂಜಿನ್ ಮೈಗೆ ಮುಟ್ಟಿಸಿದರೆ ಮುಳ್ಳು ಸರ್ರನೆ ತುದಿಗೆ ಹೋಯಿತು. ಅಂದರೆ ವೈರೂ ಮೀಟರೂ ಸರಿಯಿವೆ, ದೋಷ ಸೆನ್ಸರಿನಲ್ಲೇ. ಇಂಜಿನ್ ಆರಿಸಿ, ತಣಿದ ಮೇಲೆ ಸೆನ್ಸರ್ ಬಿಚ್ಚಿದೆ.

ಥ್ರೆಡ್ಡಿನ ತುಂಬ ಬಿಳಿ ಟೇಪು. ಗಾಯಕ್ಕೆ ಪಟ್ಟಿ ಕಟ್ಟಿದಂತೆ ದಪ್ಪಗೆ ಸುತ್ತಿತ್ತು.

ಯಾವ ದಡ್ಡ ಶಿಖಾಮಣಿಯ ಕೆಲಸವೋ, ಮಾವ ಇವತ್ತು ಗ್ಯಾರೇಜಿನ ಸೂರು ಹಾರಿಹೋಗುವಂತೆ ಕಿರುಚುತ್ತಾನೆ ಎಂದುಕೊಂಡು ಅದನ್ನು ಅಂಗೈಯಲ್ಲಿಟ್ಟುಕೊಂಡು ಹೋದೆ. ಅವನು ನಲ್ಲಿಯ ಕೆಳಗೆ ಮೊಣಕೈವರೆಗೆ ಸೋಪು ಹಚ್ಚಿಕೊಂಡು ನಿಂತಿದ್ದ. ನೋಡಿದ. ಛೀ ಎನ್ನಲಿಲ್ಲ.

ಅಂಗೈಯನ್ನು ಅವನ ಮುಖದ ಹತ್ತಿರ ಹಿಡಿದೆ.

"ಯಜಮಾನ್ರು ಹೇಳಿದ್ರು," ಎಂದ. "ಮುಳ್ಳು ಏಳೋದು ಕಂಡ್ರೆ ತಾನೇ ಹುಡುಗ ಹೆದರೋದು. ಇದೊಂದು ರೇಸ್ ಓಡಿಸಿಬಿಟ್ರೆ ಅವನ ಸೀಟು ಉಳಿಯುತ್ತೆ. ಅವನ ಒಳ್ಳೇದಕ್ಕೇ ಮಾಡಿದ್ದು."

"ಅವನು ನಿನ್ನ ತಂಗಿ ಮಗ, ಮಾವ. ಪೈಪು ಒಡೆದ್ರೆ ಕುದಿನೀರು ಯಾರ ಕಾಲ್ಮೇಲೆ ಬೀಳುತ್ತೆ?"

ಅವನು ಬೆರಳುಗಳ ಸಂದಿಗೆ ಇನ್ನೊಮ್ಮೆ ಸೋಪು ಹಚ್ಚಿದ.

ಟೇಪನ್ನೆಲ್ಲ ಕೆರೆದು, ಹೊಸ ವಾಷರ್ ಹಾಕಿ ನಾನೇ ಕೂರಿಸಿದೆ. ತಮ್ಮನಿಗೂ ವಿಷಯ ಹೇಳಿದೆ. ಅವನು ನಂಬಿದನೋ ಇಲ್ಲವೋ, ಹೆಲ್ಮೆಟ್ ಹಾಕಿಕೊಂಡು ಹೋದ. ಓಟದ ನಡುವೆ ಮುಳ್ಳು ಏರಿತು; ಅವನು ಕಾರನ್ನು ಹುಲ್ಲಿಗೆ ಇಳಿಸಿ ನಿಲ್ಲಿಸಿದ. ಆಮೇಲೆ ನೋಡಿದರೆ ತೊಡೆಯ ಪಕ್ಕದ ಪೈಪು ಊದಿಕೊಂಡು ಇನ್ನೇನು ಸೀಳುವುದರಲ್ಲಿತ್ತು. ಸಂಜೆಯೊಳಗೆ ಅವನ ಸೀಟೂ ಹೋಯಿತು. ಈಗ ಬ್ರೆಡ್ ಹಂಚುವ ವ್ಯಾನು ಓಡಿಸುತ್ತಾನೆ. ನನ್ನೊಡನೆ ಮುಖ ಕೊಟ್ಟು ಮಾತಾಡುವುದಿಲ್ಲ. ಮಾವನ ಮೇಲೆ ಮಾತ್ರ ಅವನಿಗೆ ಸಿಟ್ಟಿಲ್ಲ. ಮಾವನಿಗಾದರೂ ತಾನು ಓಟ ಮುಗಿಸಬಲ್ಲೆನೆಂಬ ನಂಬಿಕೆಯಿತ್ತು ಎನ್ನುತ್ತಾನೆ. ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ಮೊನ್ನೆ ಮಾವ ಹೊಸ ಕಾರಿಗೆ ಸೆನ್ಸರ್ ಹಾಕಿದ. ಮತ್ತದೇ ತಾಮ್ರದ ಹೊಸ ವಾಷರ್, ಅದೇ ಬೆರಳು. ಅವನು ಕೈ ತೆಗೆದ ಕೂಡಲೇ, ಅವನೆದುರಿಗೇ ಅದನ್ನು ಮತ್ತೆ ಬಿಚ್ಚಿ ನೋಡಿದೆ. ಥ್ರೆಡ್ಡು ಥಳಥಳ ಹೊಳೆಯುತ್ತಿತ್ತು. ಅವನು ಸಿಟ್ಟಾಗಲಿಲ್ಲ. ಜೇಬಿನಿಂದ ಮಡಿಸಿದ ಬಟ್ಟೆ ತೆಗೆದು, ಕೈ ಒರೆಸಿಕೋ ಎಂದು ಚಾಚಿದ.

ಒಗೆದು ಇಸ್ತ್ರಿ ಮಾಡಿದ ಬಟ್ಟೆ, ಒಂದು ಕಲೆಯೂ ಇರಲಿಲ್ಲ. ನನಗೆ ಅದನ್ನು ಮುಟ್ಟಲಾಗಲಿಲ್ಲ.