ದರೋಡೆಕೋರ ಬೀಳಲು ಒಪ್ಪಲಿಲ್ಲ

ಗೆಳೆಯರೇ, ಇಂದು ಸಂಜೆ ಉದಗೀರದ ನಮ್ಮ ನಾಟಕದಲ್ಲಿ ದರೋಡೆಕೋರ ಸಾಯಲು ಒಪ್ಪಲಿಲ್ಲ. ಮೊಣಕಾಲು ಕೆಟ್ಟು ಕುಸ್ತಿ ಬಿಟ್ಟ ನಿಲಂಗಾದ ವೀರಭದ್ರ ಪೈಲವಾನನಿಗೆ ಇದೇ ಮೊದಲ ಪಾತ್ರ. ಅವನನ್ನು ಕೆಡವಬೇಕಾದ ರಾಜಕುಮಾರ ನಮ್ಮ ಬಡಕಲು ದರ್ಜಿ ಗುರುಪಾದ. ಅವನು ಎಷ್ಟು ನೂಕಿದರೂ ಪೈಲವಾನ ಅಲುಗಲಿಲ್ಲ.

ರಾಣಿಯಾಗಿ ಸೀರೆಯುಟ್ಟು ಪಕ್ಕದಲ್ಲಿ ನಿಂತಿದ್ದ ನಾನು, "ಬೀಳ್ರೀ ಪೈಲವಾನರ, ತಹಶೀಲದಾರ ಸಾಹೇಬರು ನೋಡ್ಲಿಕತ್ತಾರ" ಎಂದು ಪಿಸುಗುಟ್ಟಿದೆ.

"ಹ್ಯಾಂಗ ಬೀಳ್ಲಿ? ಇಂವಾ ಹಿಡದದ್ದೇ ತಪ್ಪು ಅದ. ಕುಸ್ತಿ ಕಲಿಸಿದ ನಮ್ಮ ಉಸ್ತಾದರು ಏನಂದಾರು?" ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ. ಗುರುಪಾದನ ಕೈಗಳನ್ನು ತನ್ನ ಸೊಂಟಕ್ಕೆ ಸರಿಯಾಗಿ ಹಚ್ಚಿ, "ಈಗ ಎತ್ತು" ಎಂದ. ಗುರುಪಾದ ಎತ್ತಿದ. ಪೈಲವಾನ ಸಮಾಧಾನದಿಂದ ದೊಪ್ಪನೆ ಬಿದ್ದ. ಗೊಂಡೆಯ ಕೆಂಪು ರೂಮಿ ಟೋಪಿ ಹಾಕಿದ್ದ ತಹಶೀಲದಾರರೇ ಮೊದಲು ಚಪ್ಪಾಳೆ ತಟ್ಟಿದರು.

ಗೆದ್ದ ರಾಜಕುಮಾರ ಈಗ ನಡು ಹಿಡಿದುಕೊಂಡು ಮಲಗಿದ್ದಾನೆ. ಸತ್ತ ದರೋಡೆಕೋರ ಅದಕ್ಕೆ ಎಣ್ಣೆ ತಿಕ್ಕುತ್ತಿದ್ದಾನೆ.