ಅನುಮೋದಕ ಕುಶಲಣ್ಣ

ಡೊಂಬಿವಲಿಯ ನಮ್ಮ ಕನ್ನಡ ಸಂಘದಲ್ಲಿ ಯಾರು ಯಾವ ಠರಾವು ಮಂಡಿಸಲಿ, ಹತ್ತೊಂಬತ್ತು ವರ್ಷಗಳಿಂದ ಅನುಮೋದಿಸುವವನು ಕುಶಲಣ್ಣನೇ. ಮಹಾಸಭೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಎರಡನೆಯ ಸಾಲಿನಲ್ಲಿ ಕೂರುತ್ತಾನೆ. ಅಧ್ಯಕ್ಷರು "ಯಾರಾದರೂ ಅನುಮೋದಿಸಬೇಕು" ಎನ್ನುವಷ್ಟರಲ್ಲಿ ಕೈ ಮೇಲಿರುತ್ತದೆ. ಇಂಥವನನ್ನು ಕೆಟ್ಟವನೆಂದರೆ ನನ್ನ ಬಾಯಲ್ಲಿ ಹುಳ ಬಿದ್ದೀತು. ಆದರೂ ಆ ಶುಕ್ರವಾರದ ಕಥೆ ಹೇಳಲೇಬೇಕು.

ಹೊಟ್ಟೆಪಾಡಿಗೆ ಅವನು ಐರೋಲಿಯ ಒಂದು ಕಂಪನಿಯಲ್ಲಿ ಹಿರಿಯ ಎಂಜಿನಿಯರ್. ರಾಸಾಯನಿಕ ಕಾರ್ಖಾನೆಗಳ ಟ್ಯಾಂಕುಗಳನ್ನು ಕಾಯುವ ಸಾಫ್ಟ್‌ವೇರ್ ಬರೆಯುವುದು ಅಲ್ಲಿನ ಕೆಲಸ. ಅದರಲ್ಲೊಂದು ಹುಳುಕಿತ್ತು. ಸಾಫ್ಟ್‌ವೇರ್ ಎಲ್ಲಿ ನಿಂತುಹೋದರೂ ಜೊತೆಗೆ ಅಪಾಯದ ಅಲಾರಂ ಕೂಡ ಮೂಕವಾಗುತ್ತಿತ್ತು. ಕಳೆದ ವರ್ಷ ಸೇರಿದ ಖಾರಘರದ ಹುಡುಗಿ ಮಾನಸಿ, ಅಲಾರಂ ತನ್ನಷ್ಟಕ್ಕೆ ಬೇರೆಯೇ ನಡೆಯುವಂಥ ಹೊಸ ವಿನ್ಯಾಸ ಬರೆದು ತಂದಳು. ಕುಶಲಣ್ಣ ಎರಡು ಸಲ ಓದಿದ. ಎಂಐಡಿಸಿ ಕಾರ್ಖಾನೆಗಳ ಮಗ್ಗುಲಲ್ಲೇ ಮನೆ ಮಾಡಿಕೊಂಡು, ಗಾಳಿ ತಿರುಗಿದಾಗಲೆಲ್ಲ ಕಿಟಕಿ ಮುಚ್ಚುವವನಿಗೆ ಅದರ ಬೆಲೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ತೊಡಕೆಂದರೆ, ಹಳೆಯ ವಿನ್ಯಾಸ ಮಾಡಿದವನು ಮುಖ್ಯಸ್ಥ ಮನೀಶ. ಅದಕ್ಕೇ ಕುಶಲಣ್ಣ ಉಪಾಯ ಹೇಳಿಕೊಟ್ಟ: ಮೀಟಿಂಗಿಗೆ ಮುಂಚೆ ಒಬ್ಬೊಬ್ಬರನ್ನೇ ಕಂಡು ಒಪ್ಪಿಸು, ಕಡೆಗೆ ನಾನಿದ್ದೇನಲ್ಲ ಮಾರಾಯ್ತಿ. ಅವಳು ಎರಡು ವಾರ ಮೇಜಿನಿಂದ ಮೇಜಿಗೆ ಅಲೆದು, ಬೇಡದ ಚಹಾ ಕುಡಿದು, ತಂಡದ ಉಳಿದ ಮೂವರನ್ನು ಹೇಗೋ ಒಲಿಸಿದಳು. ಮೂವರದ್ದೂ ಒಂದೇ ಮಾತು. ಕುಶಲ್ ಸರ್ ಹೂಂ ಅಂದರೆ ನಮ್ಮದೂ ಹೂಂ.

ಶುಕ್ರವಾರದ ಮೀಟಿಂಗಿನಲ್ಲಿ ಅವಳು ಹೇಳಿದ್ದನ್ನೆಲ್ಲ ಮನೀಶ ಕೇಳಿಸಿಕೊಂಡ. ಆಮೇಲೆ ಕುಶಲಣ್ಣನ ಕಡೆ ತಿರುಗಿ, ನಿಮಗೇನನ್ನಿಸುತ್ತದೆ ಎಂದ. ಸಿಟ್ಟಿಲ್ಲ, ಬೆದರಿಕೆಯಿಲ್ಲ. ಮೂವರೂ ಕುಶಲಣ್ಣನ ಮುಖ ನೋಡಿದರು. ಮಾನಸಿ ನೋಡಲೂ ಇಲ್ಲ, ಅವಳಿಗೆ ಅಷ್ಟು ನಂಬಿಕೆ. ಬಾಯಲ್ಲಿ ಕಡುಬು ಇಟ್ಟುಕೊಂಡಿದ್ದನೇ ಪುಣ್ಯಾತ್ಮ? ಕೆಲಸ ಹೋಗುತ್ತದೆಂಬ ಭಯವೂ ಅವನಿಗಿರಲಿಲ್ಲ. ಮುಖ್ಯಸ್ಥನ ಮಾತಿಗೆ ಎದುರಾಗಿ ಏಳುವ ಮೊದಲ ಕೈ ತನ್ನದಾಗುತ್ತದಲ್ಲ ಎಂದು ಹೆದರಿದ, ಅಷ್ಟೇ.

"ಐಡಿಯಾ ಚೆನ್ನಾಗಿದೆ. ಈಗಿರೋದೂ ನಡೀತಾ ಇದೆ. ಮುಂದೆ ನೋಡ್ಬಹುದು," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಮೂವರೂ ತಲೆ ತಗ್ಗಿಸಿದರು. ಮನೀಶ ಮುಂದಿನ ವಿಷಯಕ್ಕೆ ಹೋದ.

ಮಾನಸಿ ಲಿಫ್ಟಿನ ಹತ್ತಿರ ಸಿಕ್ಕಳು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರಿಸಿ ಬೆಳೆದವಳು ಅಂದು ಕನ್ನಡದಲ್ಲೇ ಹೇಳಿದಳು. "ಸರ್, ನೀವು ಬೇಡ ಅಂದಿದ್ರೂ ಚಲ್ತಾ ಇತ್ತು. ಯಾಕೆ ಅಂತ ಕೇಳ್ತಿದ್ದೆ, ಉತ್ತರ ಕೊಡ್ತಿದ್ದೆ. ನೀವು ಏನೂ ಹೇಳ್ಲೇ ಇಲ್ಲ."

ಐವತ್ತರ ಹತ್ತಿರದ ಗಂಡಸಿಗೆ ಕಿವಿ ಸುಡುವಷ್ಟು ನಾಚಿಕೆಯಾಯಿತು. ಶನಿವಾರ ಹೆಂಡತಿ ಜಯಲತಾ ಬಂಗುಡೆ ಮೀನಿನ ಸಾರು ಬಡಿಸಿದರೆ ಅರ್ಧ ತಟ್ಟೆಯಲ್ಲೇ ಬಿಟ್ಟು ಎದ್ದ. ಸಂಜೆ ಗಾಳಿ ತಿರುಗಿ ಕಾರ್ಖಾನೆಯ ಘಾಟು ಬಂತು. ಕಿಟಕಿ ಮುಚ್ಚಲು ಎದ್ದವನು ಅಲ್ಲೇ ಕಂಬಿ ಹಿಡಿದು ನಿಂತುಬಿಟ್ಟ. ಕೊನೆಗೆ ಜಯಲತಾಳೇ ಬಂದು ಮುಚ್ಚಿದಳು.

ಭಾನುವಾರ ಸಂಘದ ಮಹಾಸಭೆ. ವಾರ್ಷಿಕೋತ್ಸವಕ್ಕೆ ಈ ಸಲ ಬಟ್ಟೆ ಹೊದಿಸಿದ ಕುರ್ಚಿಗಳನ್ನೇ ತರಿಸಬೇಕೆಂದು ಠರಾವು ಬಂತು. ಇವತ್ತು ಕೈ ಎತ್ತುವುದಿಲ್ಲ ಎಂದು ಕುಶಲಣ್ಣ ಮನೆಯಿಂದಲೇ ನಿಶ್ಚಯ ಮಾಡಿಕೊಂಡು ಬಂದಿದ್ದ. ಕೈ ತಾನಾಗಿ ಎದ್ದಿತು.

ಕಾರ್ಯದರ್ಶಿ ಪೃಥ್ವಿರಾಜ್ ನಕ್ಕು, ಕೈಯಲ್ಲಿದ್ದ ಹಾಳೆ ತೋರಿಸಿದ. "ಕೈ ಯಾಕೆ ನೋಯಿಸ್ಕೊಳ್ತೀರಿ ಕುಶಲಣ್ಣ? ಏಳೂ ಠರಾವಿಗೆ ಅನುಮೋದಕರು ಅಂತ ನಿಮ್ಮ ಹೆಸರು ನಿನ್ನೆಯೇ ಪ್ರಿಂಟ್ ಹೊಡೆಸಿದ್ದೇನೆ."

ಸಭೆಯೆಲ್ಲ ಪ್ರೀತಿಯಿಂದ ನಕ್ಕಿತು. ಹತ್ತೊಂಬತ್ತು ವರ್ಷಗಳಲ್ಲಿ ಯಾರಾದರೂ ಒಬ್ಬರು ಬೇಡವೆಂದ ಒಂದು ಮಾತಿಗೆ ತಾನು ಕೈ ಎತ್ತಿದ್ದುಂಟೇ ಎಂದು ಕುಶಲಣ್ಣ ಹುಡುಕಿದ. ಒಂದೂ ಸಿಗಲಿಲ್ಲ. ಕೈ ಇಳಿಸಲು ನಾಚಿಕೆಯಾಯಿತು, ಎತ್ತಿಕೊಂಡಿರಲೂ ನಾಚಿಕೆಯಾಯಿತು. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಎರಡನೆಯ ಠರಾವಿಗೆ ಹೋಗಿದ್ದರು.